ಒಂದು ಗಂಟೆ ಐವತ್ತು ನಿಮಿಷ

ನನಗೆ ಟ್ರಾನ್ಸ್‌ಫರ್ ಆಯ್ತು ಎಂದಾಗ ಅವರು ಹೇಳಿದ್ದಿಷ್ಟೇ: "ಸಾವಿರದ ನೂರ ನಲವತ್ತು ಕಿಲೋಮೀಟರು. ಎದುರುಗಾಳಿ ಇದ್ರೆ ಒಂದು ಗಂಟೆ ಐವತ್ತು ನಿಮಿಷ."

ಮೈಯೆಲ್ಲ ಉರಿದುಹೋಯಿತು. ಅದು ನನಗೆ ಗೊತ್ತಿಲ್ಲವೇ? ವಿಮಾನ ಹೊರಡುವ ಮುಂಚೆ ದೂರ, ಸಮಯ, ಇಂಧನ ಎಲ್ಲ ನೋಡಿ ಪ್ಲಾನ್ ಹಾಳೆಗೆ ಸಹಿ ಹಾಕುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಅವರು ಪಕ್ಕದ ಹವಾಮಾನ ಕಚೇರಿಯವರು. ದಿನಾ ಬೆಳಿಗ್ಗೆ ಆರೂವರೆಗೆ ಮೇಲ್ಗಾಳಿಯ ನಕ್ಷೆ ತಂದು ನನ್ನ ಮೇಜಿನ ಮೇಲಿಟ್ಟು, ಕನ್ನಡಕ ಮೇಲೇರಿಸಿ, "ಇವತ್ತು ಗಾಳಿ ಪರವಾಗಿಲ್ಲ ಮೇಡಂ" ಅನ್ನುತ್ತಾರೆ. ಹಾಗನ್ನುವಾಗ ನೋಡುವುದು ನಕ್ಷೆಯನ್ನಲ್ಲ, ನನ್ನನ್ನು. ನಾನು ತಲೆಯೆತ್ತಿದರೆ ಸಾಕು, ಕಣ್ಣು ಥಟ್ಟನೆ ಕಿಟಕಿಯ ಕಡೆ ಹೊರಳುತ್ತದೆ. ಮೂರು ವರ್ಷದಿಂದ ಇದೇ ಕಥೆ.

"ಮೂರು ವರ್ಷ ಗಾಳಿ ತಂದುಕೊಟ್ಟಿದ್ದಾನೆ, ಒಂದು ಮಾತು ತಂದುಕೊಡೋಕೆ ಏನು ಧಾಡಿಯಂತೆ?" ಎಂದಳು ಅಕ್ಕ, ಫೋನಿನಲ್ಲಿ. ಅವಳು ಅವರಿಗೆ ಗಾಳಿರಾಯ ಎಂದೇ ಹೆಸರಿಟ್ಟಿದ್ದಾಳೆ. "ನೀನೇ ಕೇಳ್ಬಿಡು."

"ನಾನ್ಯಾಕೆ ಕೇಳ್ಲಿ?"

"ಹಾಗಾದ್ರೆ ಇಬ್ರೂ ಕೂತು ಕಿಲೋಮೀಟರು ಎಣಿಸ್ತಾ ಇರಿ."

ನನಗೆ ಅವರು ಇಷ್ಟ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ನಾನು ಬಾಯಿಬಿಟ್ಟು ಕೇಳಿ, ಅವರು ಕಿಟಕಿ ನೋಡಿಬಿಟ್ಟರೆ ಏನು ಮಾಡಲಿ?

ಕೊನೆಯ ದಿನ ಡ್ರಾಯರ್ ಖಾಲಿ ಮಾಡಿ, ಕಪ್ ತೊಳೆದು ಚೀಲಕ್ಕೆ ಹಾಕಿದ್ದೆ. ಆರೂವರೆಗೆ ಸರಿಯಾಗಿ ಅವರು ಬಂದರು. ನಕ್ಷೆಯ ಕೆಳಗೆ ನಮ್ಮದೇ ಪ್ಲಾನ್ ಹಾಳೆಯೊಂದಿತ್ತು, ಅವರ ಗುಂಡು ಅಕ್ಷರದಲ್ಲಿ ತುಂಬಿದ್ದು.

"ಇದನ್ನೊಂದು ಚೆಕ್ ಮಾಡಿ ಮೇಡಂ."

ಹೊರಡುವ ಜಾಗ, ಈ ಊರು. ಸೇರುವ ಜಾಗ, ನಾನು ಹೋಗಲಿದ್ದ ಊರು. ದೂರ 1,140. ಸಮಯ ಒಂದು ಗಂಟೆ ಐವತ್ತು. ದಿನಾಂಕ ಮುಂದಿನ ತಿಂಗಳ ಎರಡು. ಪ್ರಯಾಣಿಕರು ಒಬ್ಬರು. ಆ ಒಬ್ಬರು ಯಾರೆಂದು ಹೊಳೆದದ್ದೇ ಎದೆ ಡವಡವ ಅಂದಿತು. ಆದರೂ ಅಭ್ಯಾಸಬಲ ನೋಡಿ, ನನ್ನ ಕಣ್ಣು ತಪ್ಪು ಹುಡುಕಿತು.

"ಪರ್ಯಾಯ ನಿಲ್ದಾಣ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಇಳಿಯೋಕೆ ಆಗ್ಲಿಲ್ಲ ಅಂದ್ರೆ ಇನ್ನೆಲ್ಲಿ ಇಳೀತೀರಿ ಅಂತ ಬರೀಬೇಕು. ಅದಿಲ್ದೆ ನಾನು ಸಹಿ ಹಾಕಲ್ಲ, ಗೊತ್ತಲ್ಲ?"

"ಗೊತ್ತು. ಒಂದು ವಾರ ಯೋಚನೆ ಮಾಡ್ದೆ. ಬೇರೆ ಜಾಗ ಹೊಳೀಲಿಲ್ಲ." ಕನ್ನಡಕ ಮೇಲೇರಿಸಿದರು. "ನಾನೂ ಅಲ್ಲಿಗೇ ಟ್ರಾನ್ಸ್‌ಫರ್ ಕೇಳಿದ್ದೆ. ನಿನ್ನೆ ಆರ್ಡರ್ ಬಂತು. ನೀವು ಬೇಡ ಅಂದ್ರೆ ವಾಪಸ್ ಕೊಟ್ಬಿಡ್ತೀನಿ."

ಈ ಸಲ ಅವರು ಕಿಟಕಿ ನೋಡಲಿಲ್ಲ.

"ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳೋಕೆ ಅಂತಾನೇ ಬಾಯಿ ತೆಗೆದೆ. ಕಿಲೋಮೀಟರು ಬಂತು."

ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಅದನ್ನು ಅವರು ನೋಡಿದರು, ನೋಡಲಿ ಎಂದು ಸುಮ್ಮನಿದ್ದೆ.

"ಇನ್ನು ಮೇಡಂ ಅಂದ್ರೆ ಸಹಿ ಹಾಕಲ್ಲ," ಎಂದೆ.

ಅವರು ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. ಅದೂ ತೊದಲುತ್ತಾ.

ನನ್ನ ಪೆನ್ನು ಚೀಲದ ತಳ ಸೇರಿತ್ತು. ಅವರ ಜೇಬಿನಿಂದಲೇ ಒಂದನ್ನು ತೆಗೆದುಕೊಂಡೆ. ಪರ್ಯಾಯ ಖಾಲಿ ಬಿಟ್ಟ ಹಾಳೆಗೆ, ಹನ್ನೊಂದು ವರ್ಷದಲ್ಲಿ, ನಾನು ಸಹಿ ಹಾಕಿದ್ದು ಅದೊಂದಕ್ಕೇ.