ಅಳಿಸದೆ ಬಿಟ್ಟ ಮನೆಹೆಸರು

ಬೆಳಿಗ್ಗೆ ಬಾಗಿಲು ತೆರೆದ ಮೇಲೆ ನಾನು ಓಲೆಗಳಲ್ಲಿದ್ದ ಹೆಸರು ಅಳಿಸಿ ನಂಬರು ಹಾಕುತ್ತಿದ್ದೆ. ಪರದೆಯ ಮೇಲೆ ಕಾವ್ಯಶ್ರೀ ಇದ್ದಲ್ಲಿ ಹದಿನಾಲ್ಕು, ಮಾದೇಶ ಇದ್ದಲ್ಲಿ ಮೂವತ್ತು. ಊರಿದ್ದಲ್ಲಿ ಬರೀ ಗೆರೆ.

ಹುಣಸೂರಿನಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಪುಟ್ಟಮಲ್ಲಪ್ಪಣ್ಣ ೨೦೦೭ರಲ್ಲಿ ಸುತ್ತಲಿನ ತಾಲ್ಲೂಕಿನವರಿಗಾಗಿ ‘ಊರಬಳಗ’ ಎಂಬ ವೆಬ್‌ಸೈಟ್ ಮಾಡಿದ್ದರು. ಹುಡುಗ ಹುಡುಗಿಯರು ಅಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಓಲೆ ಬರೆಯುತ್ತಿದ್ದರು. ಅವನ್ನು ಓದಿ ಪಿಎಚ್.ಡಿ. ಮಾಡಲು ಮೈಸೂರಿನಿಂದ ಲಿಂಗರಾಜು ಬಂದಾಗ, ಅಣ್ಣ ಬರೆದವರನ್ನೆಲ್ಲ ಕೇಳಿ, ಒಪ್ಪಿದವರ ಓಲೆ ಮಾತ್ರ ಕೊಟ್ಟರು. ಅದೂ ಹೆಸರಿಲ್ಲದೆ, ಮೂಲೆಯ ಕಂಪ್ಯೂಟರಿನಲ್ಲೇ ಓದಲು. ಬರೆದುಕೊಂಡ ಸಾಲನ್ನು, ಸೆಂಟರಿನಲ್ಲಿ ಕೆಲಸಕ್ಕಿದ್ದ ನಾನು ನೋಡಿ ಸರಿ ಎಂದ ಮೇಲೆ ಒಯ್ಯಬೇಕು.

‘ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೆ ಅಂತೀರಿ, ನನ್ನ ಕಾಗುಣಿತ ತಿದ್ತೀರಲ್ಲ?’ ಎಂದರು ಲಿಂಗರಾಜು ಒಮ್ಮೆ.

‘ತಪ್ಪು ಬರೆದ್ರೆ ತಿದ್ದದೆ ಇನ್ನೇನ್ ಮಾಡಾನ?’

‘ನನ್ನ ಮುಖ ನೋಡಿ ಬೈರಿ. ಪಾಪ, ಕೀಬೋರ್ಡಿಗೆ ಯಾಕೆ ಬೈತೀರಿ?’

ತಲೆ ಎತ್ತಿದೆ. ಅವರು ನಗುತ್ತಿದ್ದರು. ನನ್ನ ಬೆರಳು ಯಾವ ಅಕ್ಷರದ ಮೇಲಿತ್ತೋ ಮರೆತೇ ಹೋಯಿತು.

ಒಂದು ಮಧ್ಯಾಹ್ನ ಇಪ್ಪತ್ತೇಳನೆಯ ನಂಬರಿನವಳ ಸಾಲೊಂದನ್ನು ನನ್ನ ಮುಂದೆ ಹಿಡಿದರು. ‘ನಮ್ಮ ಗಾಣದಮನೆಯೋರು ಒಪ್ಪಾಕಿಲ್ಲ ಕಣೋ. ಆದ್ರೂ ನಾನು ನಿನ್ನೋಳೆ.’

‘ಇದರಲ್ಲಿ ಯಾರ ಹೆಸರೂ ಇಲ್ಲ ತಾನೆ?’

ಅವರ ಬೆರಳು ‘ನಿನ್ನೋಳೆ’ ಎಂಬಲ್ಲಿ ನಿಂತಿತ್ತು. ನನಗೆ ಆ ಪದ ಬಿಟ್ಟು ಬೇರೇನೂ ಕಾಣಲಿಲ್ಲ.

‘ಇಲ್ಲ’ ಎಂದೆ.

ಗಾಣದಮನೆ ಎಂದರೆ ಗಾಣವಿರುವ ಯಾವುದೋ ಮನೆ ಎಂದು ಪೇಟೆಯವರಾದ ಲಿಂಗರಾಜು ತಿಳಿದರು. ನನ್ನ ದೊಡ್ಡಮ್ಮನ ಊರು ಮಿರ್ಲೆ. ಅಲ್ಲಿ ಅದು ಒಂದೇ ಮನೆತನದ ಹೆಸರು ಎಂದು ನನಗೆ ಗೊತ್ತಿತ್ತು.

ಕೆ.ಆರ್. ನಗರದ ಸಭೆಯೊಂದರಲ್ಲಿ ಅವರು ಆ ಸಾಲು ಓದಿದರು. ಗಾಣದಮನೆಯ ಹಿರಿಮಗ ಅಲ್ಲೇ ಕೂತಿದ್ದ. ಆ ಮನೆಯಲ್ಲಿ ಓದುವ ಹುಡುಗಿ ಒಬ್ಬಳೇ, ಬರೆದವಳು ಯಾರೆಂದು ಅವನಿಗೆ ತಿಳಿದುಹೋಯಿತು. ವಾರದೊಳಗೆ ಅವಳ ಕಾಲೇಜು ನಿಂತಿತು. ಹದಿನೈದನೆಯ ದಿನ, ಅವಳು ಯಾರಿಗೆ ಓಲೆ ಬರೆದಿದ್ದಳೋ ಅವನದಲ್ಲ, ಬೇರೊಬ್ಬನ ಹೆಸರಿದ್ದ ಲಗ್ನಪತ್ರಿಕೆ ಊರೆಲ್ಲ ಹಂಚಿದರು.

ಅಣ್ಣ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು, ‘ಮೀನಾ, ನೀನು ನೋಡ್ಲಿಲ್ವಾ ಇದ?’

ನಾನು ಬಾಯಿ ತೆರೆಯುವ ಮೊದಲೇ ಲಿಂಗರಾಜು ಹೇಳಿದರು, ‘ಅವರಿಗೆ ತೋರಿಸ್ದೆ ಒಯ್ದೆ ಸರ್. ತಪ್ಪು ನಂದು.’

‘ನಂಬಿ ಒಳಕ್ಕೆ ಬುಟ್ಕೊಂಡಿದ್ದೆ ಕಣಯ್ಯ. ಇನ್ನು ಇತ್ತಗೆ ಬರಬ್ಯಾಡ.’

ಲಿಂಗರಾಜು ಚೀಲ ಹೆಗಲಿಗೇರಿಸಿ ಹೊರಟರು.

ಬಸ್‌ಸ್ಟ್ಯಾಂಡಿಗೆ ಓಡಿದೆ. ‘ಯಾಕಂಗಂದ್ರಿ?’

‘ನಿಮ್ಮ ಕೆಲಸ ಉಳೀಲಿ ಅಂತ.’

‘ನಿಮ್ಮ ಓದು?’

‘ಓದೋದು ಹೋದ ತಿಂಗಳೇ ಮುಗಿದಿತ್ತು ಕಣ್ರೀ. ಆಮೇಲೆ ಬಂದದ್ದೆಲ್ಲ ನಿಮ್ಮ ಬೈಗುಳ ಕೇಳೋಕೆ.’ ನೋಟ್‌ಬುಕ್ಕನ್ನು ಚೀಲದೊಳಕ್ಕೆ ತಳ್ಳಿದರು. ‘ಆ ಹುಡುಗಿ ಬದುಕು ಕೆಡಿಸಿ ನಾನೇನು ಡಾಕ್ಟರ್ ಆಗೋದು? ಬರೆದಿದ್ದೆಲ್ಲ ಸುಟ್ಟುಹಾಕ್ತೀನಿ.’

ಅದು ಮನೆತನದ ಹೆಸರೆಂದು ನನಗೆ ಗೊತ್ತಿತ್ತು ಎನ್ನಬೇಕೆಂದಿದ್ದೆ. ಬಸ್ಸು ಬಂತು. ಅವರು ‘ಬರ್ತೀನಿ’ ಎನ್ನಲಿಲ್ಲ. ‘ಹೋಗ್ತೀನಿ’ ಎಂದರು.

ನಾಲ್ಕು ದಿನ ಮೂಲೆಯ ಕಂಪ್ಯೂಟರಿನತ್ತ ನೋಡಲಾಗಲಿಲ್ಲ. ಐದನೆಯ ದಿನ ಅಣ್ಣನ ಬೆನ್ನ ಹಿಂದೆ ಹೋಗಿ ನಿಂತೆ. ಅವರು ಊರಬಳಗ ಮುಚ್ಚಿದೆ ಎಂಬ ಚೀಟಿಯನ್ನು ಗಾಜಿಗೆ ಅಂಟಿಸುತ್ತಿದ್ದರು.

‘ಆ ಸಾಲು ನೋಡಿ ಸರಿ ಅಂದೋಳು ನಾನು ಅಣ್ಣ. ಅವರು ನನಗೋಸ್ಕರ ಸುಳ್ಳು ಹೇಳಿದ್ರು.’

ಅಣ್ಣನ ಕೈ ನಿಂತಿತು. ಮತ್ತೆ ಚೀಟಿಯ ಅಂಚನ್ನು ಒತ್ತತೊಡಗಿದರು.

‘ಅವರನ್ನ ಒಂದ್ಸಲ ಕರೆಸಿ, ಅಣ್ಣ. ನನ್ನ ತಪ್ಪು ಅವರ ಮುಂದೇನೇ ಒಪ್ಕೋತೀನಿ.’