ಅಮ್ಮಿಯ ನೀರಿನ ಬಾಟಲಿ

"ಅಮ್ಮಿಗೂ ರೋಜಾ ಇದೆ ಖಾಲಾ," ಎಂದುಬಿಟ್ಟಳು ನಾಹಿದಾ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಜಮೀಲಾ ಖಾಲಾಗೆ ಖುಷಿಯಾಯಿತು. "ಹೌದಾ? ಹಂಗಾದ್ರೆ ಈಗ್ಲೇ ಬರಕ್ಕೆ ಹೇಳು ಮಾರಾಯ್ತಿ. ಸಂಜೆ ಮಸೀದಿಗೆ ಇನ್ನೂರು ಸಮೋಸಾ ಕಳಿಸ್ಬೇಕು. ಅವ್ಳಷ್ಟು ಚಂದ ಮಡಚೋರು ಯಾರಿದಾರೆ?"

ನಾಹಿದಾ ಹಿಂದಿರುಗಿ ನೋಡಿದಳು. ರಂಜಾನ್ ಉಪವಾಸದ ಹಗಲಿನಲ್ಲೇ ಒಳಗೆ ಅಮ್ಮಿ ಆಗಷ್ಟೇ ಗಂಜಿ ಬಡಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಾತ್ರೆ, ನೀರಿನ ಬಾಟಲಿ.

ಅವಳಿಂದ ಸುಳ್ಳು ಹೇಳಿಸಿದ್ದು ಖಾಲಾನ ಮಗ ಅಮ್ಜದನ ಪ್ರಶ್ನೆ. "ನಿಮ್ಮಮ್ಮಿ ಎಂತಕ್ಕೆ ರೋಜಾ ಇಡಲ್ಲ?" ಎಂದು ನಿನ್ನೆ ಇಡೀ ಕ್ಲಾಸಿನ ಎದುರು ಕೇಳಿದ್ದ. ಉತ್ತರ ಸಣ್ಣದಲ್ಲ. ಅಮ್ಮಿಯ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕುತ್ತಿಗೆಯ ಥೈರಾಯಿಡ್ ಗ್ರಂಥಿಯ ಮೇಲೆ ಜಗಳಕ್ಕೆ ಹೋಗುತ್ತದೆ. ಅದರಿಂದ ಹಾರ್ಮೋನು ಕಡಿಮೆಯಾಗಿ ಸದಾ ಸುಸ್ತು. ಅದು ಸಾಲದೆಂದು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಹೊಟ್ಟೆನೋವು ಬೇರೆ. ಉಪವಾಸ ಬೇಡವೇ ಬೇಡ ಎಂದಿದ್ದಾರೆ ಡಾಕ್ಟರ್. ಆದರೆ ನೋಡಲು ಅಮ್ಮಿ ಚೆನ್ನಾಗಿಯೇ ಇದ್ದಾಳೆ. ಯಾರು ನಂಬುತ್ತಾರೆ?

ವಿಷಯ ಕೇಳಿ ಅಮ್ಮಿ ಗದರಲಿಲ್ಲ. ಗಂಜಿಗೆ ತಟ್ಟೆ ಮುಚ್ಚಿ ಎದ್ದಳು.

"ಬಾಟಲಿ ಅಮ್ಮಿ?"

"ನಂಗೆ ರೋಜಾ ಅಲ್ವಾ?" ಎಂದಳು ಅಮ್ಮಿ.

ಖಾಲಾನ ಮನೆಯಲ್ಲಿ ನಾಲ್ಕು ಹೆಂಗಸರು ಕೂತು ಸಮೋಸಾ ಮಡಚುತ್ತಿದ್ದರು. ಗಂಟೆ ಎರಡಾಯಿತು, ಎರಡೂವರೆಯಾಯಿತು. ನಾಹಿದಾ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಎಂತ ನಿಂಗೆ, ಕಾಲಿಗೆ ಇರುವೆ ಹತ್ತಿದಾವಾ?" ಎಂದು ಖಾಲಾ ನಕ್ಕರು.

ಅಮ್ಮಿಯ ಹಣೆಯಲ್ಲಿ ಬೆವರು. ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. ಅವಳು ಮಡಚಿದ ಸಮೋಸಾ ಬಾಯಿ ಬಿಟ್ಟುಕೊಂಡಿತು. ಅಮ್ಮಿಯ ಸಮೋಸಾ ಹಾಗೆ ಬಿಚ್ಚಿದ್ದನ್ನು ನಾಹಿದಾ ಎಂದೂ ನೋಡಿರಲಿಲ್ಲ.

ಅವಳು ಮನೆಗೆ ಓಡಿದಳು. ಗಂಜಿ, ಮಾತ್ರೆ, ಬಾಟಲಿ ಎಲ್ಲವನ್ನೂ ತಂದು ಅಮ್ಮಿಯ ಮುಂದಿಟ್ಟಳು.

"ಅಮ್ಮಿಗೆ ರೋಜಾ ಇಲ್ಲ. ಹುಷಾರಿಲ್ಲ ಅವ್ರಿಗೆ. ನಾನೇ ಸುಳ್ಳು ಹೇಳಿದ್ದು." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಖಾಲಾ ಸಮೋಸಾ ತಟ್ಟೆ ಸರಿಸಿ ಗಂಜಿಗೆ ಜಾಗ ಮಾಡಿದರು. "ಹುಷಾರಿಲ್ದೋರು ರೋಜಾ ಇಡ್ಲೇಬೇಕು ಅಂತ ಯಾರಂದ್ರು ನಿಂಗೆ?" ಎಂದು ನಾಹಿದಾಗೆ ಹೇಳಿ ಅಮ್ಮಿಯತ್ತ ತಿರುಗಿದರು. "ಶಬಾನಾ, ನೀನಾದ್ರೂ ಹೇಳ್ಬಾರ್ದಾ?"

"ನಾನು ಬಾಯಿ ಬಿಟ್ರೆ ಇವ್ಳು ಎಲ್ಲರೆದುರು ಸುಳ್ಳಿ ಆಗ್ತಿದ್ಲಲ್ಲ," ಎಂದಳು ಅಮ್ಮಿ.

ನಾಹಿದಾಗೆ ತಲೆ ಎತ್ತಲಾಗಲಿಲ್ಲ. ಅಮ್ಮಿಯ ಬದಲಿಗೆ ತಾನು ಅವಳ ಪಕ್ಕದಲ್ಲಿ ಕೂತು ಒಂದು ಸಮೋಸಾ ಪಟ್ಟಿ ಎತ್ತಿಕೊಂಡಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದೂ ಸೊಟ್ಟಗೇ ಆಯಿತು.

ಆಗಲೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ಹಿಡಿದು ಅಮ್ಜದ್ ಬಂದ. ಗಂಜಿ ಉಣ್ಣುತ್ತಿದ್ದ ಅಮ್ಮಿಯನ್ನು ನೋಡಿದ, ನಾಹಿದಾಳನ್ನು ನೋಡಿದ.

"ನಿಮ್ಮಮ್ಮಿ ಎಂತಕ್ಕೆ..."

ನಾಹಿದಾ ಬಾಟಲಿಯ ಮುಚ್ಚಳ ತೆಗೆದು ಅಮ್ಮಿಯ ಕೈಗೆ ಕೊಟ್ಟಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕೂತ್ಕೋ, ಹೇಳ್ತೀನಿ. ಸ್ವಲ್ಪ ಉದ್ದ ಇದೆ."