ಹೊಸ ಟಿವಿಗೆ ಎಂತಾಗತ್ತೆ?

"ನೋಡೋ, ಬಾಲಿನ ಹೊಲಿಗೆ ಕೂಡ ಕಾಣ್ತಿದೆ," ಎಂದ ರಾಜೇಂದ್ರ. ಅವನ ಮೂಗು ಟಿವಿಗೆ ತಾಗುವುದೊಂದು ಬಾಕಿ ಇತ್ತು.

"ಏ, ಹಿಂದೆ ಸರಿ. ಗಾಜು ಮುಟ್ಟಿದ್ರೆ ಅಪ್ಪಯ್ಯ ಬೈತಾರೆ," ಎಂದಳು ಶ್ರೀಗೌರಿ. ರಿಮೋಟ್ ಅವಳ ಮಡಿಲಲ್ಲಿತ್ತು. ಅದರ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿರಲಿಲ್ಲ.

ಸಾಗರದ ಆ ಕೇರಿಯ ಮಕ್ಕಳೆಲ್ಲ ಶನಿವಾರದ ಮ್ಯಾಚ್ ನೋಡಲು ಶ್ರೀಗೌರಿಯ ಮನೆಯಲ್ಲಿ ಸೇರಿದ್ದರು. ಗೋಡೆಯ ಮೇಲೆ ಹೊಸ ಪ್ಲಾಸ್ಮಾ ಟಿವಿ. ದೇವರ ಕೋಣೆಯ ಬಾಗಿಲಿಗಿಂತ ಅಗಲ.

ಆಶಾ ಬಾಗಿಲ ಬಳಿ ನಿಂತಿದ್ದಳು. ಕೂರಲು ಜಾಗವಿತ್ತು. ಅವಳು ಕೂರಲಿಲ್ಲ.

ಹೋದ ತಿಂಗಳವರೆಗೆ ಮ್ಯಾಚ್ ಎಂದರೆ ಪಕ್ಕದಲ್ಲೇ ಇದ್ದ ಆಶಾಳ ಮನೆ. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ದೊಡ್ಡವರು ಧಾರಾವಾಹಿ ಹಾಕುತ್ತಿದ್ದರು. ಶ್ರೀಗೌರಿಯ ಮನೆಯಲ್ಲಂತೂ ಟಿವಿಯೇ ಇರಲಿಲ್ಲ. ಆಶಾಳ ಅಮ್ಮ ಮಾತ್ರ ಹೊಲಿಗೆ ಮೆಷಿನ್ ತುಳಿಯುತ್ತಾ, ಎಷ್ಟು ಮಕ್ಕಳು ಬಂದರೂ ಸುಮ್ಮನಿರುತ್ತಿದ್ದರು.

ಅವರದು ಹಳೆಯ ಡಬ್ಬಿ ಟಿವಿ. ಆಗಾಗ ಬಣ್ಣ ಕೆಡುತ್ತಿತ್ತು. ಆಶಾ ಟಿವಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದಳು. ಪರದೆಯ ಕೆಳಗಿನ ಚಿಕ್ಕ ಮುಚ್ಚಳ ತೆಗೆದು, ಬಟನ್ ಒತ್ತಿ ಒತ್ತಿ ಸರಿ ಮಾಡುತ್ತಿದ್ದಳು. ಅದನ್ನು ಅಪ್ಪ ಕಲಿಸಿದ್ದರು. "ಮೊದ್ಲು ಮುಖ ನೋಡು ಮಗಾ. ಮುಖ ಸರಿಯಾದ್ರೆ ಉಳಿದದ್ದೆಲ್ಲ ಸರಿಯಾಗತ್ತೆ," ಎನ್ನುತ್ತಿದ್ದರು. ಈಗ ಅಪ್ಪ ಇಲ್ಲ. ಬಟನ್ನುಗಳು ಆಶಾಗೆ ಮಾತ್ರ ಗೊತ್ತು.

ಶ್ರೀಗೌರಿಯ ಟಿವಿಯಲ್ಲಿ ಹುಲ್ಲು ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು. ಆಟಗಾರರ ಮುಖ ಕುಂಕುಮ ಮೆತ್ತಿದ ಹಾಗಿತ್ತು. ಅಂಗಡಿಯವರು ಬಣ್ಣವನ್ನೆಲ್ಲ ಜೋರು ಮಾಡಿ ಇಟ್ಟುಹೋಗಿದ್ದರು.

"ಕಲರ್ ಜಾಸ್ತಿ ಆಗಿದೆ ಕಣೆ," ಎಂದಳು ಆಶಾ. "ಮುಖ ನೋಡು. ನಾನು ಸ್ವಲ್ಪ ಕಮ್ಮಿ ಮಾಡ್ಲಾ?"

"ಬೇಡ ಮಾರಾಯ್ತಿ. ಇದು ನಿಮ್ಮನೆ ಟಿವಿ ಅಲ್ಲ, ತಟ್ಟಿ ತಟ್ಟಿ ಸರಿ ಮಾಡಕ್ಕೆ."

ಎಲ್ಲರೂ ನಕ್ಕರು. ರಾಜೇಂದ್ರ ಹೇಳಿದ, "ಆಶಾ ಮನೇಲಿ ಬಾಲೇ ಕಾಣ್ತಿರ್ಲಿಲ್ಲ. ಫೋರ್ ಹೋಯ್ತು ಅಂತ ಅವಳೇ ಹೇಳ್ಬೇಕಿತ್ತು."

ಮತ್ತೆ ನಗು. ಆಶಾ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು.

"ಹೆಂಗಿದೆಯೇ ಅವ್ರ ಟಿವಿ?" ಎಂದು ಅಮ್ಮ ಕೇಳಿದರು.

"ಎಂತದೂ ಇಲ್ಲ. ಚೂರೂ ಚೆನ್ನಾಗಿಲ್ಲ."

ಅಮ್ಮ ದಾರ ಕಡಿದು, ಅವಳ ಮುಖವನ್ನೊಮ್ಮೆ ನೋಡಿದರು.

ಮರುದಿನ ಶ್ರೀಗೌರಿಯ ಮನೆಯವರು ಹೊಸನಗರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟರು. ಮಹಾಲಕ್ಷ್ಮೀ ಅಜ್ಜಿ ಮಾತ್ರ ಹೋಗುವ ಹಾಗಿರಲಿಲ್ಲ. ಶಿವಮೊಗ್ಗದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ. ಧೂಳಿಗೆ ಹೋಗಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಬೇಕು. ಅಜ್ಜಿ ಮನೆಯಲ್ಲೇ ಇರಬೇಕಲ್ಲ, ಹೊತ್ತು ಹೋಗಲಿ ಎಂದೇ ಶ್ರೀಗೌರಿಯ ಅಪ್ಪ ಹರಿಪ್ರಸಾದ್ ಆ ಟಿವಿ ತಂದಿದ್ದರು.

"ಆಶಾ, ಮಧ್ಯಾಹ್ನ ಅಜ್ಜಿ ಜೊತೆ ಕೂತ್ಕೊಳ್ತೀಯಾ? ನಾಲ್ಕು ಗಂಟೆಗೆ ಡ್ರಾಪ್ಸ್ ಹಾಕ್ಬೇಕು. ಸಂಜೆ ಮ್ಯಾಚಿನ ಹೊತ್ತಿಗೆ ನಾವು ಬರ್ತೇವೆ," ಎಂದರು ಅವರು.

ಆಶಾ ಹೋದಾಗ ಅಜ್ಜಿ ಒಳಗೆ ಮಲಗಿದ್ದರು. ಮನೆ ತಣ್ಣಗಿತ್ತು. ಆರಿಸಿದ ಟಿವಿ ಕಪ್ಪು ಕನ್ನಡಿಯ ಹಾಗಿತ್ತು. ಅದರಲ್ಲಿ ಆಶಾ ಪೂರ್ತಿ ಕಾಣುತ್ತಿದ್ದಳು, ಎಣ್ಣೆ ಹಚ್ಚಿದ ಜಡೆ, ಕೆಂಪು ರಿಬ್ಬನ್ ಸಮೇತ.

ರಿಮೋಟ್ ಮೇಜಿನ ಮೇಲಿತ್ತು.

ಅವಳು ಟಿವಿ ಹಾಕಿ, ಸೌಂಡ್ ಪೂರ್ತಿ ಇಳಿಸಿದಳು. ಮೆನು ಒತ್ತಿದಳು. ಪಿಕ್ಚರ್, ಆಮೇಲೆ ಸೆಟ್ಟಿಂಗ್ಸ್. ಮನೆಯ ಟಿವಿಯಲ್ಲಿದ್ದ ಹೆಸರುಗಳೇ ಇಲ್ಲೂ ಇದ್ದವು. ಕಾಂಟ್ರಾಸ್ಟ್ ಇಳಿಸಿದಳು. ಕಲರ್ ಇಳಿಸಿದಳು. ಶಾರ್ಪ್‌ನೆಸ್ ಇಳಿಸಿದಳು. ಟಿವಿಯಲ್ಲಿ ಹಾಡುತ್ತಿದ್ದ ಹೆಂಗಸಿನ ಸೀರೆ ಮಾಸಿತು. ಮುಖ ಮಸುಕಾಯಿತು. ಎಲ್ಲವೂ ಹೊಗೆಯ ಆಚೆಗೆ ಹೋದ ಹಾಗಾಯಿತು.

ಸಂಜೆ ಎಲ್ಲರೂ ಬರುತ್ತಾರೆ. ಬಾಲು ಕಾಣುವುದಿಲ್ಲ. ಆಗ ರಾಜೇಂದ್ರ ಏನು ಹೇಳುತ್ತಾನೋ ನೋಡೋಣ.

ಅವಳು ಟಿವಿ ಆರಿಸಿ, ರಿಮೋಟನ್ನು ಇದ್ದ ಜಾಗದಲ್ಲೇ ಇಟ್ಟಳು.

"ಯಾರದು? ಆಶಾನಾ?" ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಕಣ್ಣಿಗೆ ಕಪ್ಪು ಕನ್ನಡಕ. "ಬಂದ್ಯಾ ಮಗಾ. ಟಿವಿ ಹಾಕು. ಭಜನೆ ಬರೋ ಹೊತ್ತಾಯ್ತು."

ಆಶಾ ಟಿವಿ ಹಾಕಿ, ಸೌಂಡ್ ಏರಿಸಿದಳು.

ಅಜ್ಜಿ ಕುರ್ಚಿಯಲ್ಲಿ ಕೂತು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು. ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಮತ್ತೆ ನೋಡಿದರು.

"ಸಾಕು. ಬಂದ್ ಮಾಡು," ಎಂದರು.

"ಯಾಕಜ್ಜಿ? ಟಿವಿ ಸರಿ ಇಲ್ವಾ?"

"ಟಿವಿಗೆ ಎಂತಾಗತ್ತೆ? ಹೊಸದಲ್ವಾ." ಅಜ್ಜಿ ಕೈಯಲ್ಲಿದ್ದ ಕನ್ನಡಕವನ್ನೇ ನೋಡುತ್ತಿದ್ದರು. "ನನ್ನ ಕಣ್ಣೇ ಮತ್ತೆ ಮಂಜಾಯ್ತು. ಆಪರೇಷನ್ನಿಗೆ ಮುಂಚೆ ಹಿಂಗೇ ಕಾಣ್ತಿತ್ತು, ಎಲ್ಲಾ ಬೂದಿ ಬೂದಿ."

ಆಶಾ ರಿಮೋಟಿನ ಕಡೆ ನೋಡಿದಳು.

"ಹರೀಗೆ ಹೇಳ್ಬೇಡ ಮಗಾ. ಪಾಪ, ನನ್ನ ಕಟ್ಕಂಡು ಶಿವಮೊಗ್ಗಕ್ಕೆ ಎಷ್ಟು ಓಡಾಡಿದ. ನಿನ್ನೆವರೆಗೆ ಎಷ್ಟು ಚೊಲೋ ಕಾಣ್ತಿತ್ತು. ಮೊನ್ನೆ ಒಬ್ಬಳೇ ಕೂತು ಅಕ್ಕಿ ಆರಿಸಿದೆ. ಕಲ್ಲು ಉಳಿದಿದ್ಯಾ ಅಂತ ಯಾರ ಹತ್ರಾನೂ ತೋರಿಸ್ಲಿಲ್ಲ." ಅಜ್ಜಿ ಸೆರಗನ್ನು ಕಣ್ಣಿನ ಹತ್ತಿರ ತಂದರು. ಕಣ್ಣು ಉಜ್ಜಬಾರದು ಎಂದು ಡಾಕ್ಟರ್ ಹೇಳಿದ್ದು ನೆನಪಾಯಿತೇನೋ, ಕೈ ಅಲ್ಲೇ ನಿಂತಿತು.

ಆಶಾಗೆ ಅಲ್ಲಿ ನಿಲ್ಲಲಾಗಲಿಲ್ಲ. ಓಡಿಹೋಗಲೂ ಆಗಲಿಲ್ಲ.

"ಅಜ್ಜಿ, ನಿಮ್ ಕಣ್ಣು ಸರಿ ಇದೆ. ಟಿವೀನ ನಾನೇ ಹಾಳು ಮಾಡಿದ್ದು."

ಅಜ್ಜಿ ಅವಳ ಕಡೆ ತಿರುಗಿ ಸಣ್ಣಗೆ ನಕ್ಕರು. "ನನ್ನ ಸಮಾಧಾನಕ್ಕೆ ಹೇಳ್ತೀಯ. ನೀನು ಅಂಥ ಹುಡುಗಿ ಅಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಆಶಾಗೆ.

ಅವಳು ರಿಮೋಟ್ ತೆಗೆದುಕೊಂಡಳು. "ಇಲ್ನೋಡಿ ಅಜ್ಜಿ. ಕನ್ನಡಕ ಹಾಕ್ಬೇಡಿ. ಹಾಡ್ತಿದಾರಲ್ಲ, ಅವ್ರ ಮುಖ ನೋಡಿ."

ಕಾಂಟ್ರಾಸ್ಟ್ ಒಂದೊಂದೇ ಗೆರೆ ಏರಿತು. ಹೊಗೆ ಸರಿಯಿತು. ಕಲರ್ ಏರಿತು. ಸೀರೆ ಮೊದಲು ಕಂದಾಯಿತು, ಆಮೇಲೆ ಕೆಂಪಾಯಿತು. ಅಜ್ಜಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು.

"ಅಯ್ಯ. ಬಂತಲ್ಲೇ."

"ಈಗ ಮತ್ತೆ ಹೋಗತ್ತೆ ನೋಡಿ," ಎಂದು ಆಶಾ ಎಲ್ಲವನ್ನೂ ಇಳಿಸಿದಳು. ಸೀರೆ ಮಾಸಿತು. ಮತ್ತೆ ಏರಿಸಿದಳು. ಸೀರೆ ಕೆಂಪಾಯಿತು. "ಕಣ್ಣಲ್ಲ ಅಜ್ಜಿ. ಬಟನ್ನು."

ಅಜ್ಜಿ ಒಂದೊಂದೇ ಕಣ್ಣು ಮುಚ್ಚಿ ನೋಡಿದರು.

"ಹಂಗಾದ್ರೆ ನನ್ನ ಕಣ್ಣು ಸರಿ ಇದೆ?"

"ಸರಿ ಇದೆ ಅಜ್ಜಿ."

"ನಿನ್ನ ರಿಬ್ಬನ್ ಕೆಂಪು, ಹೌದಾ?"

"ಹೌದು ಅಜ್ಜಿ."

"ಇನ್ನೊಂದ್ಸಲ ಮಾಡು ನೋಡುವಾ."

ಆಶಾ ಇನ್ನೊಂದು ಸಲ ಮಾಡಿದಳು. ಈ ಸಲ ಅಜ್ಜಿ ಚಿಕ್ಕ ಮಕ್ಕಳ ಹಾಗೆ ನಕ್ಕರು. ನಗು ನಿಂತ ಮೇಲೆ, "ಎಂತಕ್ಕೆ ಮಾಡಿದ್ದು ಮಗಾ?" ಎಂದು ಕೇಳಿದರು.

ಆಶಾ ರಿಮೋಟಿನ ಪ್ಲಾಸ್ಟಿಕ್ ಕವರನ್ನು ಉಗುರಿನಿಂದ ಕೆರೆದಳು. "ಈಗ ನಮ್ಮನೆಗೆ ಯಾರೂ ಬರಲ್ಲ."

ಅಜ್ಜಿ ಗಡಿಯಾರ ನೋಡಿ, "ನಾಲ್ಕಾಯ್ತು. ಡ್ರಾಪ್ಸ್ ಹಾಕು ಬಾ," ಎಂದರು.

ಅವರು ಕುರ್ಚಿಗೆ ಒರಗಿ, ತಲೆ ಹಿಂದಕ್ಕೆ ಮಾಡಿ, ಕಣ್ಣು ಅಗಲಿಸಿ ಕಾದರು. ಆಶಾ ಕೈ ತೊಳೆದು ಬಂದಳು. ಅಜ್ಜಿಯ ಕಣ್ಣಿನೊಳಗೆ ಅವಳದೇ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಅಜ್ಜಿ ರೆಪ್ಪೆ ಕೂಡ ಬಡಿಯಲಿಲ್ಲ. ಆಶಾ ಬಾಟಲಿಯನ್ನು ಮೆಲ್ಲಗೆ ಹಿಂಡಿದಳು.

ಹನಿ ಸರಿಯಾಗಿ ಬಿತ್ತು.

ಅಜ್ಜಿ ಕಣ್ಣು ಮುಚ್ಚಿ ಕೂತಿರುವಾಗ, ಅವಳು ಬಣ್ಣವನ್ನು ಮತ್ತೊಮ್ಮೆ ನೋಡಿದಳು. ಅಂಗಡಿಯವರು ಇಟ್ಟಷ್ಟು ಜೋರಿಗೆ ಏರಿಸಲಿಲ್ಲ. ಮೊದಲು ಮುಖ ನೋಡಿದಳು. ಮುಖ ಮುಖದ ಹಾಗೆ ಕಾಣುವಲ್ಲಿಗೆ ನಿಲ್ಲಿಸಿದಳು.

ಸಂಜೆ ಎಲ್ಲರೂ ಬಂದರು. ಶ್ರೀಗೌರಿ ಹೊಸನಗರದ ಹೋಳಿಗೆ ತಿನ್ನುತ್ತಲೇ ಟಿವಿ ಹಾಕಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಅಜ್ಜಿ, ಟಿವಿಗೆ ಎಂತ ಮಾಡಿದೆ? ಚೊಲೋ ಕಾಣ್ತಿದೆ," ಎಂದಳು.

"ನಾವಿಬ್ರೂ ಸೇರಿ ಸರಿ ಮಾಡಿದ್ವಿ," ಎಂದರು ಅಜ್ಜಿ.

"ಇಬ್ರೂ ಅಂದ್ರೆ?"

ಅಜ್ಜಿ ಟಿವಿಯ ಕಡೆ ತಿರುಗಿದರು. ಆಶಾಳ ಕಡೆ ನೋಡಲಿಲ್ಲ. ಆಶಾ ಹೇಳದೆ ಇದ್ದರೂ ನಡೆಯುತ್ತಿತ್ತು.

"ಮಧ್ಯಾಹ್ನ ನಾನು ಹಾಳು ಮಾಡಿದ್ದೆ ಕಣೆ. ಬೇಕಂತಲೇ. ಆಮೇಲೆ ಸರಿ ಮಾಡಿದೆ," ಎಂದಳು ಆಶಾ.

ಶ್ರೀಗೌರಿ ಹೋಳಿಗೆ ಅಗಿಯುವುದನ್ನು ನಿಲ್ಲಿಸಿದಳು. ಅವಳ ಮುಖ ಕೆಂಪಾಯಿತು. ಆಮೇಲೆ ಟಿವಿಯ ಕಡೆ ನೋಡಿದಳು. ರಿಮೋಟನ್ನು ಎತ್ತಿ ತನ್ನ ಆಚೆ ಬದಿಗೆ ಇಟ್ಟುಕೊಂಡಳು.

"ಅಡ್ಡ ನಿಲ್ಬೇಡ. ಕೂರೋದಾದ್ರೆ ಕೂರು," ಎಂದಳು.

ಆಶಾ ಎಲ್ಲರ ಹಿಂದೆ, ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ಮನೆಗೆ ಬಂದಾಗ ಅಮ್ಮ ಇನ್ನೂ ಹೊಲಿಯುತ್ತಿದ್ದರು. ಡಬ್ಬಿ ಟಿವಿಯ ಮೇಲೆ ಯಾರದೋ ರವಿಕೆ ಬಟ್ಟೆ ಮಡಿಸಿ ಇಟ್ಟಿತ್ತು. ಆಶಾ ಸ್ಟೂಲನ್ನು ಟಿವಿಯ ಪಕ್ಕದಿಂದ ಎತ್ತಿ ತಂದು, ಅಮ್ಮನ ಮೆಷಿನ್ನಿನ ಹತ್ತಿರ ಹಾಕಿ ಕೂತಳು.

"ಮ್ಯಾಚ್ ಮುಗೀತಾ?"

"ಹ್ಞೂಂ."

ಮೆಷಿನ್ ಸ್ವಲ್ಪ ದೂರ ಓಡಿ ನಿಂತಿತು.

"ಅವ್ರ ಟಿವಿ ಚೆನ್ನಾಗಿದೆ ಅಮ್ಮ," ಎಂದಳು ಆಶಾ. "ಅಜ್ಜಿಗೆ ಎಲ್ಲಾ ಕಾಣತ್ತೆ."